ವೈಶಾಲಿ ಹೆಸರಿನ ಫೈಲು

ಮೊನ್ನೆ ಮಧ್ಯಾಹ್ನ ಊಟ ಮುಗಿಸಿ ಅಡ್ಡಾಗಿದ್ದೆ, ಫೋನು ಬಂತು. ಚಿಕ್ಕೋಡಿಯಲ್ಲಿ ನಾನು ಕಂಪ್ಯೂಟರ್ ಪಾಠ ಹೇಳುತ್ತಿದ್ದ ಕಾಲೇಜಿನಿಂದ, ಈಗ ನನ್ನ ಜಾಗದಲ್ಲಿರುವ ಪ್ರವೀಣ.

"ಸರ್, ಕಪಾಟಿನ್ಯಾಗ ಒಂದು ಹಳೇ ಹಾರ್ಡ್ ಡಿಸ್ಕ್ ಸಿಕ್ಕೈತ್ರಿ. ಒಳಗ ಒಂದಽ ಒಂದು ದೊಡ್ಡ ಫೈಲ್ ಐತಿ. ವೈಶಾಲಿ ಅಂತ ಹೆಸರು. ಅಳಿಸಿಬಿಡ್ಲೇನ್ರಿ?"

ಸ್ವಲ್ಪ ತಡಿ, ನಾನೇ ಫೋನ್ ಮಾಡುತ್ತೇನೆ ಎಂದೆ. ಆ ಸ್ವಲ್ಪ ಹೊತ್ತು ಸಂಜೆಯವರೆಗೆ ಬೆಳೆಯಿತು.

ವೈಶಾಲಿ ನನ್ನ ಸಹೋದ್ಯೋಗಿ. ಸದಲಗಾದಿಂದ ದಿನಾ ಬಸ್ಸಿಗೆ ಬರುತ್ತಿದ್ದಳು. ಸಣ್ಣವಳಿದ್ದಾಗ ಬಂದ ಜ್ವರ ಹೃದಯದ ಕವಾಟಕ್ಕೆ ಪೆಟ್ಟು ಕೊಟ್ಟಿತ್ತಂತೆ. ಹಾಗಾಗಿ ನಮ್ಮ ಲ್ಯಾಬಿದ್ದ ಎರಡನೆಯ ಮಹಡಿಗೆ ಮೆಟ್ಟಿಲು ಹತ್ತುವಾಗ ನಡುವೆ ನಿಂತು, ಕಿಟಕಿಯಿಂದ ಹೊರಗೇನೋ ನೋಡುವವಳಂತೆ ಉಸಿರು ಸುಧಾರಿಸಿಕೊಳ್ಳುತ್ತಿದ್ದಳು. ಅಲ್ಲಿ ನೋಡುವಂಥದ್ದೇನೂ ಇರಲಿಲ್ಲ, ಸೈಕಲ್ ಸ್ಟ್ಯಾಂಡು. ನಾನೂ ಪಕ್ಕ ನಿಂತು ಸೈಕಲ್ ನೋಡುತ್ತಿದ್ದೆ.

ಆ ಲ್ಯಾಬಿನ ಕಥೆ ಹೇಳಿದರೆ ನೀವು ನಗುತ್ತೀರಿ. ಒಂದು ಹುಡುಗರ ಗುಂಪು ಹೋಗುವಷ್ಟರಲ್ಲಿ ಯಾವುದೋ ಕಂಪ್ಯೂಟರಿನಲ್ಲಿ ಏನೋ ಕೆಟ್ಟಿರುತ್ತಿತ್ತು. ನಾನು ಸಿ.ಡಿ. ಹಿಡಿದು ಒಂದೊಂದರ ಮುಂದೆಯೂ ಮಂಡಿಯೂರಿ ಎಲ್ಲವನ್ನೂ ಹೊಸದಾಗಿ ತುಂಬುತ್ತಿದ್ದೆ. ಕೊನೆಯದು ಮುಗಿಯುವಾಗ ಮೊದಲನೆಯದು ಮತ್ತೆ ಕೆಟ್ಟಿರುತ್ತಿತ್ತು. ಆಗ ಶುರುವಾದ ಮಂಡಿನೋವು ಇನ್ನೂ ಜೊತೆಗಿದೆ.

ಇದಕ್ಕೆ ವೈಶಾಲಿ ಕಂಡ ದಾರಿ, ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರು. ಅದು ನಿಜವಾದ ಯಂತ್ರವಲ್ಲ, ಬರೀ ಒಂದು ದೊಡ್ಡ ಫೈಲು; ತೆರೆದರೆ ಮಾತ್ರ ಪೂರ್ತಿ ಕಂಪ್ಯೂಟರಿನಂತೆಯೇ ನಡೆಯುತ್ತದೆ. ಪಾಠಕ್ಕೆ ಬೇಕಾದ್ದನ್ನೆಲ್ಲ ಒಂದರಲ್ಲಿ ಹೊಂದಿಸಿಟ್ಟು, ಅದರ ನಕಲನ್ನು ತಂತಿಯ ಮೂಲಕ ಎಲ್ಲ ಕಂಪ್ಯೂಟರುಗಳಿಗೂ ಕಳಿಸುವುದು. ಹುಡುಗರು ಕೆಡಿಸಿದರೆ ಕೆಡಿಸಲಿ, ಇನ್ನೊಂದು ನಕಲು ಕಳಿಸಿದರಾಯಿತು.

ಮೊದಲ ಸಲ ಕಳಿಸಿದಾಗ ದೊಡ್ಡ ಫಜೀತಿಯಾಯಿತು. ನಕಲಾದವೆಲ್ಲ ಮೂಲದ ಹೆಸರು, ಮೂಲದ ವಿಳಾಸವನ್ನೇ ಹಿಡಿದು ಎದ್ದವು. ಯಾವುದನ್ನು ಕರೆದರೆ ಯಾವುದೋ ಓಗೊಡುತ್ತಿತ್ತು.

"ಒಂದು ಓಣ್ಯಾಗ ಎಲ್ಲಾರೂ ಒಂದಽ ಹೆಸರಿನಾವ್ರಿದ್ರ ಪೋಸ್ಟಮನ್ ಪಾಪ ಏನ ಮಾಡಬೇಕ್ರಿ ಸರ್?" ಎಂದು ಆಕೆ ನಕ್ಕು, ಒಂದೊಂದಕ್ಕೂ ಬೇರೆ ಬೇರೆ ಊರಿನ ಹೆಸರಿಟ್ಟಳು. ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಉಗಾರ. ಆಮೇಲೆ ಹುಡುಗರ ದೂರುಗಳೇ ಬೇರೆಯಾದವು. "ಸರ್, ನಿಪ್ಪಾಣಿ ಚಾಲೂನಽ ಆಗವಲ್ದರಿ." "ಮೇಡಂ, ಅಥಣಿಗಿ ವೈರಸ್ ಹೊಕ್ಕೈತ್ರಿ." ಒಮ್ಮೆ ಪ್ರಿನ್ಸಿಪಾಲರು ಬಾಗಿಲಲ್ಲಿ ನಿಂತು ಇದನ್ನೆಲ್ಲ ಕೇಳಿಸಿಕೊಂಡು, ಬಂದ ದಾರಿಯಲ್ಲೇ ತಿರುಗಿ ಹೋದರು.

ಮರುವರ್ಷ ಪ್ರಾಯೋಗಿಕ ಪರೀಕ್ಷೆಗೆ ಸ್ವಲ್ಪ ಮೊದಲು, ಮಿರಜಿನ ಡಾಕ್ಟರು ಇನ್ನು ಆಪರೇಷನ್ ತಡಮಾಡುವ ಹಾಗಿಲ್ಲ ಎಂದರು. ಹೋಗುವ ಮೊದಲು ಆಕೆ ಹೊಸ ಮೂಲಪ್ರತಿ ಸಿದ್ಧಮಾಡಿ ಎಲ್ಲ ಕಂಪ್ಯೂಟರಿಗೂ ಕಳಿಸಿದಳು. ಬಿಡು, ನಾನು ಮಾಡಿಕೊಳ್ಳುತ್ತೇನೆ ಎಂದರೆ ಕೇಳಲಿಲ್ಲ.

"ನೀವು ಮತ್ತ ಸಿ.ಡಿ. ಹಿಡಕೊಂಡು ಮಣಕಾಲ ಊರ್ತೀರಿ. ಪರೀಕ್ಷಾ ಮುಗಸ್ರಿ, ಅಷ್ಟರಾಗ ನಾ ಬರ್ತೀನ್ರಿ."

ಬರಲಿಲ್ಲ. ಆಪರೇಷನ್ ಆಯಿತು, ಎರಡು ದಿನ ಮಾತಾಡಿದಳಂತೆ, ಆಮೇಲೆ ನಂಜಾಯಿತಂತೆ. ನಾವು ಸದಲಗಾಕ್ಕೆ ಹೋದಾಗ ಬುದ್ಧನ ಚಿತ್ರದ ಮುಂದೆ ಮೇಣದಬತ್ತಿ ಉರಿಯುತ್ತಿತ್ತು. ಅವಳವ್ವ ಗೋಡೆಗೆ ಒರಗಿ ಕೂತಿದ್ದರು. ಹೊರಡುವಾಗ ನನ್ನನ್ನು ತಡೆದು, "ಆಕಿ ಕೆಲಸಾ ಮಾಡೂ ಜಾಗಾ ಒಮ್ಮಿ ತೋರಸ್ತೀರೇನ್ರಿ?" ಎಂದು ಕೇಳಿದರು.

ಪರೀಕ್ಷೆಗಳು ಮುಗಿದ ಮೇಲೆ ಒಂದು ಮಧ್ಯಾಹ್ನ ಅವರೊಬ್ಬರೇ ಬಂದರು. ಲ್ಯಾಬಿನಲ್ಲಿ ಯಾರೂ ಇರಲಿಲ್ಲ. ಅವರಿಗೆ ಏನು ತೋರಿಸಬೇಕೆಂದು ನನಗೆ ಹೊಳೆಯಲಿಲ್ಲ. ಸುಮ್ಮನೆ ಒಂದು ಕಡೆಯಿಂದ ಎಲ್ಲ ಕಂಪ್ಯೂಟರುಗಳನ್ನೂ ಹಚ್ಚಿ, ವೈಶಾಲಿಯ ಪ್ರತಿಯನ್ನು ತೆರೆಯುತ್ತ ಹೋದೆ. ಅದು ತೆರೆದ ಕೂಡಲೆ ನಡುವೆ ಒಂದು ಸಣ್ಣ ಚೌಕಟ್ಟಿನಲ್ಲಿ ಒಂದು ಸಾಲು ಮೂಡುವಂತೆ ಮಾಡಿದ್ದಳು. ಪರೀಕ್ಷೆಗೆ ಬಂದ ಹುಡುಗರು ಅದನ್ನು ಓದಿ ನಕ್ಕಿದ್ದರು. ಕೆಲವರು ನಗುತ್ತಲೇ ಕಣ್ಣೊರೆಸಿಕೊಂಡಿದ್ದರು. ಅವ್ವ ಕಲಿತದ್ದು ಮರಾಠಿ ಶಾಲೆಯಲ್ಲಿ, ಕನ್ನಡ ಅಕ್ಷರ ಬರದು.

"ಏನ ಬರದೈತ್ರಿ ಅದು?"

ನಾನು ಓದಿದೆ. "ಬಂದಿ? ಮೊದಲ ನೀರ ಕುಡಿ. ಆಮ್ಯಾಗ ಕೆಲಸ."

ಅವರು ಬೆಂಚಿನ ಮೇಲೆ ಕೂತುಬಿಟ್ಟರು. "ಅದು ನನ್ನ ಮಾತರಿ. ಆಕಿ ಸಾಲಿಂದ ಬಂದಕೂಡ್ಲೆ ಅಂತಿದ್ನಿ. ನೌಕರಿ ಹತ್ತಿದ ಮ್ಯಾಲೂ ಅಂತಿದ್ನಿ. ಒಂದ ದಿನಾನೂ ಕೇಳ್ತಿದ್ದಿಲ್ಲ, ಚೀಲಾ ಒಗದು ಮತ್ತ ಅದಽ ಕಂಪ್ಯೂಟರ್ ಮುಂದ ಕೂಡಾಕಿ."

ಎಲ್ಲ ಪರದೆಗಳ ಮೇಲೂ ಆ ಸಾಲು ಇತ್ತು. ಅವರು ಎದ್ದು ಒಂದೊಂದರ ಮುಂದೆಯೂ ನಿಂತು, ಓದಲು ಬಾರದಿದ್ದರೂ ನೋಡಿ, ಸೆರಗಿನಿಂದ ಧೂಳು ಒರೆಸಿ ಮುಂದೆ ಹೋದರು. ಕೊನೆಗೆ ನನ್ನ ಕಡೆ ತಿರುಗಿದರು.

"ಸರ್, ಇದರಾಗ ಆಕಿ ದನಿ ಐತೇನ್ರಿ?"

ಇಲ್ಲ ಎಂದೆ. ಮನೆಯಲ್ಲಿ ಫೋಟೋ ಇವೆಯಂತೆ, ದನಿ ಎಲ್ಲಿಯೂ ಇಲ್ಲವಂತೆ.

"ಇಷ್ಟೆಲ್ಲಾ ತುಂಬ್ಯಾಳ. ಒಂದೀಟು ದನಿ ಹಾಕಬೇಕಾಗಿತ್ತು," ಎಂದರು. ಆಮೇಲೆ, "ಬಂದ್ ಮಾಡ್ರಿ. ಕರೆಂಟ್ ಯಾಕ ಸುಮ್ನ," ಎಂದರು. ಬಸ್ ನಿಲ್ದಾಣದವರೆಗೆ ಅವರ ಜೊತೆ ನಡೆದೆ.

ಆ ಪ್ರತಿ ಇನ್ನೆರಡು ವರ್ಷ ನಡೆಯಿತು. ಆಮೇಲೆ ಪಠ್ಯ ಬದಲಾಯಿತು, ಹೊಸ ಕಂಪ್ಯೂಟರುಗಳು ಬಂದವು. ಮೂಲವನ್ನು ಮಾತ್ರ ನಾನು ಆ ಹಾರ್ಡ್ ಡಿಸ್ಕಿಗೆ ತುಂಬಿ ಕಪಾಟಿನಲ್ಲಿಟ್ಟೆ. ಇಟ್ಟದ್ದು ನೆನಪಿತ್ತು, ತೆರೆದು ನೋಡುವ ಧೈರ್ಯವಾಗಲಿಲ್ಲ.

ಸಂಜೆ ಪ್ರವೀಣನಿಗೆ ಫೋನ್ ಮಾಡಿದೆ. "ಯಾರ್ರಿ ಸರ್ ಅವ್ರು?" ಎಂದ. ನಿಮಗೆ ಹೇಳಿದ್ದನ್ನೇ ಅವನಿಗೂ ಹೇಳಿದೆ. ಹೇಳುವ ಹುರುಪಿನಲ್ಲಿ, ವೈಶಾಲಿ ಮಾತಾಡುತ್ತಿದ್ದ ಹಾಗೆಯೇ ಮಾತಾಡಿ ತೋರಿಸಲು ಹೋದೆ. ಆಕೆ ಆಡಿದ ಮಾತುಗಳೆಲ್ಲ ಬಾಯಿಗೆ ಬಂದವು. ದನಿ ಬರಲಿಲ್ಲ. ಇನ್ನೊಮ್ಮೆ ನೆನೆಸಿಕೊಂಡು ನೋಡಿದೆ. ತೆಳುವಿತ್ತೋ, ಗಡಸಿತ್ತೋ, ಅದೂ ತಿಳಿಯಲಿಲ್ಲ.

"ಸರ್, ಇದ್ದೀರೇನ್ರಿ?" ಎಂದ ಪ್ರವೀಣ.

"ಇದ್ದೀನಪಾ," ಎಂದೆ. "ಅಳಸಬ್ಯಾಡ. ತಗದು ನೋಡು ಅದನ್ನ."