ಅಕ್ಕನ ಬೊಗಸೆಯ ತೂಕ

ಈ ಊರಿಗೆ ಬಂದ ಮೊದಲ ವಾರ, ಸಂತೆಯಲ್ಲಿ ಒಬ್ಬಾತ ತಗಡಿನ ಡಬ್ಬಿಗೆ ಕೆಂಪು ಹಣ್ಣು ತುಂಬಿ, "ಎರಡು ಲೀಟರ್" ಅಂತ ಎದುರಿನವರ ಚೀಲಕ್ಕೆ ಸುರಿದ. ನನಗೆ ತಲೆ ಕೆಟ್ಟುಹೋಯಿತು. ಹಾಲು, ಸೀಮೆಎಣ್ಣೆ ಲೀಟರಿನಲ್ಲಿ ಅಳೆಯುವುದು ಗೊತ್ತು. ಹಣ್ಣನ್ನೂ ಹೀಗೆ ಅಳೆಯುವ ಜನ ಇದ್ದಾರೆಂದು ನಮ್ಮೂರು ರಾಮಾಪುರದಲ್ಲಿ ಯಾರೂ ನನಗೆ ಹೇಳಿ ಕಳಿಸಿರಲಿಲ್ಲ.

ಇದು ಸ್ವೀಡನ್ನಿನ ಗೊಥೆನ್‌ಬರ್ಗ್. ಗಂಡನಿಗೆ ಇಲ್ಲಿನ ಹೋಟೆಲೊಂದರಲ್ಲಿ ಅಡುಗೆ ಕೆಲಸ, ನನಗೆ ವೃದ್ಧರ ಮನೆಯೊಂದರ ಅಡುಗೆಮನೆಯಲ್ಲಿ. ನಮ್ಮಲ್ಲಿ ಕಾಳು ಸೇರಿಗೆ, ಹಣ್ಣು ತಕ್ಕಡಿಗೆ. ಇವರಿಗೆ ಎಲ್ಲಕ್ಕೂ ಮೊಟ್ಸಾಟ್ಸ್, ಅಂದರೆ ಒಂದರೊಳಗೊಂದು ಕೂರುವ ಅಳತೆ ಬಟ್ಟಲುಗಳು. ಒಂದು ಲೀಟರ್ ಲಿಂಗೊನ್ ಹಾಕಿ ಜಾಮ್ ಮಾಡು ಎಂದು ಅಡುಗೆಮನೆಯ ಮೇಲ್ವಿಚಾರಕಿ ಹೇಳಿದಾಗ ನಾನು ನೀರಿನ ಲೆಕ್ಕ ಹಿಡಿದು ಒಂದು ಕೆಜಿ ತೂಗಿ ಹಾಕಿದೆ. ಲಿಂಗೊನ್ ಇಲ್ಲಿನ ಕಾಡಿನ ಪುಟ್ಟ ಹುಳಿ ಹಣ್ಣು. ಹಣ್ಣುಗಳ ನಡುವೆ ಗಾಳಿ ಇರುತ್ತದೆ, ಲೀಟರಿಗೆ ಬರುವುದು ಅರ್ಧ ಕೆಜಿಗಿಂತ ತುಸು ಹೆಚ್ಚು. ಹಣ್ಣು ಹೆಚ್ಚಾಗಿ ಸಕ್ಕರೆ ಸಾಲದೆ, ಅವತ್ತು ಅಜ್ಜ ಅಜ್ಜಿಯರೆಲ್ಲ ಮುಖ ಕಿವುಚಿಕೊಂಡೇ ತಿಂದರು, ಪಾಪ. ಈಗ ಹೊಸಬರಿಗೆ ಈ ಲೆಕ್ಕವನ್ನು ನಾನೇ ಅರೆಬರೆ ಸ್ವೀಡಿಷ್‌ನಲ್ಲಿ ಹೇಳಿಕೊಡುತ್ತೇನೆ.

ನನ್ನ ನಾಲಿಗೆ ಮಾತ್ರ ಕೇಳುವುದು ಅಕ್ಕನ ಹುಣಸೆ ಗೊಜ್ಜನ್ನು. ಅವ್ವ ತೀರಿಕೊಂಡ ಮೇಲೆ ನನ್ನ ಜಡೆ ಹೆಣೆದು, ಉಣಿಸಿ ಬೆಳೆಸಿದವಳು ಅಕ್ಕ. ಸುಗ್ಗಿಯಲ್ಲಿ ಅವಳಿಗೆ ದಿನವಿಡೀ ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುವ ಕೆಲಸ. ಗೊಜ್ಜಿಗೆ ಅವಳ ಅಳತೆ ಒಂದು ಬೊಗಸೆ. ಇಲ್ಲಿ ಸಿಗುವುದೋ ಒತ್ತಿ ಇಟ್ಟಿಗೆ ಮಾಡಿದ ಹುಣಸೆ. ಫೋನ್ ಮಾಡಿ ಬೊಗಸೆಯ ತೂಕ ಕೇಳಿದೆ.

"ಬೊಗ್ಸ ತುಂಬ ತಕ್ಕವ್ವ. ಅದ್ಕೂ ತೂಕ ಅಂದ್ರ ಜನ ನಗಾಡ್ತಾರ" ಅಂದಳು.

ನಾನು ಬಿಡಲಿಲ್ಲ. ಅಕ್ಕ ಬೊಗಸೆ ತುಂಬಿ ಕೊಟ್ಟಿದ್ದನ್ನು ಅವಳ ಮಗಳು ಪಕ್ಕದ ಅಂಗಡಿಯಲ್ಲಿ ತೂಗಿಸಿ ಹೇಳಿದಳು: ನೂರ ಇಪ್ಪತ್ತು ಗ್ರಾಂ.

ಅಷ್ಟೇ ಹಾಕಿ ಮಾಡಿದೆ. ಸಪ್ಪೆ. ಮೂರು ಸಲ ಮಾಡಿದೆ, ಮೂರು ಸಲವೂ ಸಪ್ಪೆ. ಹುಣಸೆಯನ್ನು ಬೈದೆ, ನೀರನ್ನು ಬೈದೆ, ಗಂಡನನ್ನೂ ಬೈದೆ. ಕೊನೆಗೆ ಇಟ್ಟಿಗೆಯನ್ನು ಬಿಡಿಸಿ ನನ್ನದೇ ಬೊಗಸೆ ತೂಗಿದೆ. ನೂರ ಎಂಬತ್ತು ಬಂತು. ಅಕ್ಕನ ಕೈ ನನ್ನ ಕೈಗಿಂತ ದೊಡ್ಡದು, ಅವಳ ಬಳೆ ನನಗೆ ಯಾವತ್ತೂ ನಿಂತಿಲ್ಲ. ಅವಳ ಬೊಗಸೆ ನನ್ನದಕ್ಕಿಂತ ಕಡಿಮೆ ತೂಗುವುದು ಹೇಗೆ?

ವಿಡಿಯೊ ಕಾಲ್ ಮಾಡಿ, "ಅಕ್ಕ, ಬೊಗ್ಸ ಹಿಡ್ದು ತೋರ್ಸು" ಅಂದೆ. ಹಿಡಿದಳು. ಗೆಣ್ಣುಗಳು ಊದಿದ್ದವು. ಬೆರಳುಗಳು ಒಂದಕ್ಕೊಂದು ಕೂಡುತ್ತಿರಲಿಲ್ಲ, ಸಂದಿಯಲ್ಲಿ ಅವಳ ಸೀರೆಯ ಬಣ್ಣ ಕಾಣುತ್ತಿತ್ತು.

"ಯಾವಾಗ್ಲಿಂದ?"

"ಎಲ್ಡು ವರ್ಸ ಆಯ್ತು ಕನವ್ವ. ಕೊಳ್ಳೇಗಾಲಕ್ಕೋಗಿ ತೋರುಸ್ಕಂಡು ಬಂದ್ವಿ, ಗುಳ್ಗ ಕೊಟ್ಟವ್ರ. ನಿಂಗೇಳಿ ಏನ್ ಮಾಡದು? ಅಷ್ಟ್ ದೂರದಲ್ಲಿ ಒಬ್ಳೇ ಕುಂತ್ಕಂಡು ಅಳ್ತಿಯ."

ಎರಡು ವರ್ಷ ಪ್ರತಿ ಭಾನುವಾರ ಮಾತಾಡಿದ್ದೇನೆ. ಅವಳ ಮುಖವನ್ನಷ್ಟೇ ನೋಡಿದ್ದೇನೆ, ಕೈ ನೋಡಿರಲಿಲ್ಲ. ಹತ್ತಿರ ಇದ್ದಿದ್ದರೆ ತಟ್ಟೆ ಎತ್ತುವಾಗಲೇ ಗೊತ್ತಾಗುತ್ತಿತ್ತು. ನನ್ನ ಮೇಲೆ ನನಗೇ ಸಿಟ್ಟು ಬಂತು.

ಆಮೇಲೆ ಗೊಜ್ಜಿಗೆ ಹತ್ತು ಹತ್ತು ಗ್ರಾಂ ಏರಿಸುತ್ತಾ ಹೋದೆ. ಇನ್ನೂರ ಹತ್ತಕ್ಕೆ ಅಕ್ಕನ ರುಚಿ ಬಂದು ನಾಲಿಗೆಯ ಮೇಲೆ ಕೂತಿತು. ಒಲೆಯ ಮುಂದೆ ನಿಂತು ಅತ್ತೆ.

ಹೋದ ಭಾನುವಾರ ಅವಳೇ ಫೋನ್ ಮಾಡಿದಳು. ಅಲ್ಲೂ ಗೊಜ್ಜು ಸಪ್ಪೆಯಾಗುತ್ತಿದೆಯಂತೆ, ಮನೆಯವರು ಬಾಯಿಬಿಟ್ಟು ಹೇಳಿದ್ದಾರೆ. ಇನ್ನು ಮೇಲೆ ಮಗಳೇ ತೂಗಿ ಹಾಕುತ್ತಾಳಂತೆ.

"ನನ್ ಬೊಗ್ಸ ಎಷ್ಟಿತ್ತವ್ವ? ನಿಂಗೇ ಗೊತ್ತಿರದು."

"ಇನ್ನೂರತ್ತು ಗ್ರಾಂ ಕನಕ್ಕ."



"ಅಷ್ಟು ಹಿಡೀತಿದ್ನಾ ನಾನು?"

"ಹಿಡೀತಿದ್ದೆ ಕನಕ್ಕ" ಅಂದೆ. ಮಗಳು ಅದನ್ನು ಬರೆದುಕೊಂಡಳು. ರಾಮಾಪುರದ ನಮ್ಮ ಮನೆಯ ಗೊಜ್ಜಿಗೆ ಇಲ್ಲಿಂದ ಅಳತೆ ಹೇಳುವ ಹಾಗಾಯಿತಲ್ಲ ಎಂದು ಹೆಮ್ಮೆ ಪಡಬೇಕೋ, ಆ ಕೈಯ ಹತ್ತಿರ ನಾನಿಲ್ಲವಲ್ಲ ಎಂದು ಅಳಬೇಕೋ ತಿಳಿಯದೆ ಫೋನ್ ಹಿಡಿದುಕೊಂಡೇ ಕೂತಿದ್ದೆ.