ಚಿಕ್ಕಗಂಗಮ್ಮನ ಕದ್ದ ಹಿತ್ತಲು

ನಮ್ಮ ಮಾಲೂರಿನ ಬೀದಿಯಲ್ಲಿ ಚಿಕ್ಕಗಂಗಮ್ಮನ ಹಿತ್ತಲಿನಷ್ಟು ಹಸಿರು ಇನ್ನೊಂದಿಲ್ಲ. ಅವಳಷ್ಟು ಸೋಮಾರಿಯೂ ಇನ್ನೊಬ್ಬಳಿಲ್ಲ. ಪಕ್ಕದ ಮನೆಯವಳು ಹೊಟ್ಟೆಕಿಚ್ಚಿಗೆ ಹೇಳುತ್ತಿದ್ದಾಳೆ ಎಂದುಕೊಂಡರೆ ಅಂದುಕೊಳ್ಳಿ. ಹೊಟ್ಟೆಕಿಚ್ಚು ಇದ್ದೇ ಇದೆ. ನಾನು ನರ್ಸರಿಯಿಂದ ಕುಂಡ ತಂದು, ಗೊಬ್ಬರ ಕಲಸಿ, ಸೊಂಟ ನೋಯಿಸಿಕೊಂಡು ಹಿಡಿ ಮೆಂತ್ಯದ ಸೊಪ್ಪು ಬೆಳೆಯುತ್ತೇನೆ. ಅವಳು ಬಚ್ಚಲ ನೀರು ಹರಿಯುವ ಕಡೆ ಒಂದು ಕಡ್ಡಿ ಚುಚ್ಚಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಆಕಾಶ ನೋಡುತ್ತಾಳೆ. ಅಷ್ಟೇ ಅವಳ ವ್ಯವಸಾಯ.

ಕಳೆಯನ್ನಂತೂ ಕೀಳುವುದೇ ಇಲ್ಲ. ಕಿತ್ತು ಬಿಸಾಕಿದರೆ ಬೆರಕೆ ಸೊಪ್ಪಿಗೆ ಎಲ್ಲಿಗೆ ಹೋಗಲಿ ಎನ್ನುತ್ತಾಳೆ. ಅಣ್ಣೆ ಸೊಪ್ಪು, ಗಣಿಕೆ, ಹೊನಗೊನ್ನೆ, ಹೆಸರೇ ಗೊತ್ತಿಲ್ಲದ ಇನ್ನೇನೇನೋ, ತಾನಾಗಿ ಹುಟ್ಟಿದ್ದನ್ನೆಲ್ಲ ಮಡಿಲಿಗೆ ಚಿವುಟಿಕೊಂಡು ಬಂದು, ಬೇಳೆಯ ಜೊತೆ ಬೇಯಿಸಿ ಮಸೆದು, ಮುದ್ದೆ ತಿರುವಿದರೆ ಆ ದಿನದ ಅಡುಗೆ ಮುಗಿಯಿತು. ಗಂಡ ಗೋಪಿ ಇಟ್ಟಿಗೆ ಲಾರಿ ಓಡಿಸುವವನು. ಹಿತ್ತಲಲ್ಲಿ ಹಾವು ಸೇರಿಕೊಳ್ಳುತ್ತದೆ ಎಂದು ಗೊಣಗುತ್ತಲೇ ಎರಡು ಮುದ್ದೆ ನುಂಗಿ ಎದ್ದು ಹೋಗುತ್ತಾನೆ.

ಆ ಹಿತ್ತಲಿನಲ್ಲಿ ಕಾಸು ಕೊಟ್ಟು ತಂದ ಗಿಡ ಒಂದೂ ಇಲ್ಲ, ಕೇಳಿ ತಂದದ್ದೂ ಇಲ್ಲ. ಕದ್ದು ತಂದ ಗಿಡವೇ ಚೆನ್ನಾಗಿ ಬರುವುದು ಎಂದು ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ಇವಳೊಬ್ಬಳು ಅದನ್ನೇ ನೇಮ ಮಾಡಿಕೊಂಡವಳು. ನುಗ್ಗೆ ಮಾಸ್ತಿ ಊರಿನ ಯಾರದೋ ಬೇಲಿಯದು. ದೊಡ್ಡಪತ್ರೆ ನನ್ನ ಕುಂಡದ್ದು. ಅವಳು ಮುರಿಯುವಾಗ ನಾನು ಅಡುಗೆಮನೆಯ ಕಿಟಕಿಯಲ್ಲೇ ಇದ್ದೆ, ನಾನಿರುವುದು ಅವಳಿಗೂ ಗೊತ್ತಿತ್ತು. ಅಂಥ ಹೊತ್ತಿನಲ್ಲಿ ಗಿಡದ ಯಜಮಾನಿ ಬೇರೆಲ್ಲಾದರೂ ನೋಡಬೇಕು, ಅದು ಮರ್ಯಾದೆ. ನಾನು ಒಲೆಯ ಮೇಲಿನ ಹಾಲು ನೋಡಿದೆ.

ಎಲ್ಲಕ್ಕಿಂತ ಅವಳಿಗೆ ಪ್ರಾಣವೆಂದರೆ ಕೆಂಪು ದಂಟಿನ ಬಸಳೆ. ಅದು ತವರಿನದು, ಶ್ರೀನಿವಾಸಪುರದ ಆಚೆ ಆಂಧ್ರದ ಅಂಚಿಗಿರುವ ರಾಯಲ್ಪಾಡಿನದು. ಮದುವೆಯಾಗಿ ಬರುವಾಗ ಅಮ್ಮನ ಚಪ್ಪರದಿಂದ ಒಂದು ತುಂಡು ಕದ್ದು ಸೀರೆಯ ಮಡಿಕೆಯಲ್ಲಿಟ್ಟುಕೊಂಡು ಬಂದಿದ್ದಳಂತೆ. ಮಧ್ಯಾಹ್ನ ಆ ಬಳ್ಳಿಯ ನೆರಳಿಗೆ ಕೂತರೆ ಅವಳು ಮಾಲೂರಿನಲ್ಲಿ ಇರುತ್ತಿರಲಿಲ್ಲ. ಬೆಂಗಳೂರಿನ ರೈಲು ಕೂಗಿಕೊಂಡು ಹೋದರೂ ಕೇಳುತ್ತಿರಲಿಲ್ಲ. ಎಲೆಗಳ ನಡುವೆ ಬಿಸಿಲು ಅಲುಗುತ್ತಿತ್ತು, ನುಗ್ಗೆ ಹೂವಿನಲ್ಲಿ ಜೇನು ಗುಂಯ್ ಎನ್ನುತ್ತಿತ್ತು, ಅವಳ ತುಟಿಯ ಮೇಲೆ ತೆಲುಗು ಆಡುತ್ತಿತ್ತು. ಯಾರ ಜೊತೆ ಮಾತು ಎಂದರೆ ಅಮ್ಮನ ಜೊತೆ ಎನ್ನುತ್ತಿದ್ದಳು. ಅಮ್ಮ ಹೋದ ಮೇಲೂ ಹಾಗೇ ಎನ್ನುತ್ತಿದ್ದಳು.

ಎಡವಟ್ಟಾದದ್ದು ಆ ಅಮ್ಮ ಹೋದಾಗಲೇ. ತವರುಮನೆಯಲ್ಲಿ ಉಳಿದವಳು ಅಕ್ಕ ದೊಡ್ಡಗಂಗಮ್ಮ. ತಿಥಿಯ ದಿನ ಅಮ್ಮನ ಮೂಗುತಿ ಕಾಣಲಿಲ್ಲ. ದುಃಖದ ಉರಿಯಲ್ಲಿ ಅಕ್ಕ, ಗಿಡ ಕದಿಯುವ ಕೈ ಮೂಗುತಿ ಬಿಡುತ್ತದಾ ಎಂದು ನೆಂಟರೆಲ್ಲರ ಮುಂದೆ ಅಂದುಬಿಟ್ಟಳು. ಆಮೇಲೆ ಮೂಗುತಿ ಅಮ್ಮನ ಎಲೆಯಡಿಕೆ ಚೀಲದಲ್ಲೇ ಸಿಕ್ಕಿತು. ಸಿಕ್ಕಿತೆಂದು ಬೇರೆಯವರ ಬಾಯಲ್ಲಿ ಹೇಳಿ ಕಳಿಸಿದಳೇ ಹೊರತು ಅಕ್ಕ ತಪ್ಪಾಯಿತು ಎನ್ನಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಚಿಕ್ಕಗಂಗಮ್ಮ ತವರಿನ ದಾರಿ ಬಿಟ್ಟಳು, ಗಿಡ ಕದಿಯುವುದನ್ನೂ ಬಿಟ್ಟಳು. ನನ್ನ ಹೊಸ ಚಕ್ರಮುನಿ ಸೊಪ್ಪಿನ ಕುಂಡವನ್ನು ಬೇಕೆಂದೇ ಅವಳ ಕೈಗೆಟಕುವ ಹಾಗೆ ಕಾಂಪೌಂಡಿನ ಮೇಲಿಟ್ಟೆ. ತಿರುಗಿಯೂ ನೋಡಲಿಲ್ಲ.

ಹೋದ ಮಳೆಗಾಲದಲ್ಲಿ ಗೋಪಿ ಬಚ್ಚಲು ರಿಪೇರಿ ಮಾಡಿಸಿದ. ಸಿಮೆಂಟಿನ ನೀರು ಬುಡಕ್ಕೆ ಹರಿದು ಬಸಳೆ ಕಪ್ಪಾಗಿ ಹೋಯಿತು. ಮುರಿದು ಬೇರೆ ಕಡೆ ನೆಟ್ಟ ತುಂಡುಗಳೂ ಹಿಡಿಯಲಿಲ್ಲ. ಗೋಪಿ ಪಾಪ, ಸಂತೆಯಿಂದ ಬೇರೆ ಬಸಳೆ ತಂದುಕೊಟ್ಟ. ಅವಳು ಅದನ್ನು ಸಾರು ಮಾಡಿ ಬಡಿಸಿದಳು. ಒಗೆಯುವ ಕಲ್ಲಿನ ಮೇಲೆ ಕೂರುವುದನ್ನೇ ಬಿಟ್ಟಳು. ಏನಾಯಿತೇ ಎಂದು ಒಂದು ದಿನ ಕೇಳಿದೆ.

"ಅಮ್ಮ ಮಾತಾಡ್ತಾ ಇಲ್ಲ, ತಿರುಮಲಮ್ಮೋರೇ" ಎಂದಳು.

ನನಗೆ ಅಯ್ಯೋ ಅನ್ನಿಸಿತು, ಹಿಂದೆಯೇ ಸಿಟ್ಟೂ ಬಂತು. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು, ಒಂದು ಬಳ್ಳಿಯ ತುಂಡಿಗೆ ಹೀಗೆ ಸೊರಗುವುದೇ? ಅಕ್ಕನ ಹತ್ತಿರ ಕೇಳು ಎಂದರೆ, ಕೇಳಿ ತಂದದ್ದು ಬೇರು ಬಿಡುವುದಿಲ್ಲ ಎಂದಳು. ಹಾಗಾದರೆ ಕದಿ ಎಂದರೆ, ಕಳ್ಳಿ ಎಂದವಳ ಮನೆಯಲ್ಲಿ ಹೇಗೆ ಕದಿಯಲಿ ಎಂದಳು. ಎರಡೂ ನಿಜವೇ. ಆದರೂ ಸಂಕ್ರಾಂತಿ ಕಳೆದ ಮೇಲೆ ಅವಳನ್ನು ಹೊರಡಿಸಿಕೊಂಡು ಬಸ್ಸು ಹತ್ತಿದೆ.

ಕೋಲಾರ ದಾಟಿ ಶ್ರೀನಿವಾಸಪುರದ ಬಸ್ಸು ಹಿಡಿದಾಗಲೂ ಮಂಜು ಪೂರ್ತಿ ಹರಿದಿರಲಿಲ್ಲ. ರಸ್ತೆಯ ಎರಡೂ ಕಡೆ ಮಾವಿನ ತೋಪುಗಳು ಹೂ ಬಿಟ್ಟು ನಿಂತಿದ್ದವು. ಆ ವಾಸನೆ ಕಿಟಕಿಯಿಂದ ಒಳಗೆ ಬಂದು ನಮ್ಮನ್ನೆಲ್ಲ ತೂಕಡಿಸುವ ಹಾಗೆ ಮಾಡಿತು. ಚಿಕ್ಕಗಂಗಮ್ಮ ನನ್ನ ಹೆಗಲಿಗೆ ತಲೆಯಾನಿಸಿ ಅರೆನಿದ್ದೆಯಲ್ಲಿ ಏನೋ ಗುನುಗಿದಳು. ರಾಯಲ್ಪಾಡು ಬರುವುದೇ ಬೇಡ, ಬಸ್ಸು ಹೀಗೇ ಹೋಗುತ್ತಿರಲಿ ಎಂದು ನನಗೂ ಅನ್ನಿಸಿಬಿಟ್ಟಿತು.

ದೊಡ್ಡಗಂಗಮ್ಮ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ಥೇಟು ತಂಗಿಯದೇ ಮುಖ, ಕೂದಲು ಮಾತ್ರ ಪೂರಾ ಬಿಳಿ. "ರಾ ಮ್ಮಾ" ಎಂದು ತೆಲುಗಿನಲ್ಲೇ ಕರೆದಳು ನೆಲ ನೋಡಿಕೊಂಡು. ಆಮೇಲೆ ನನಗಾಗಿ ಕನ್ನಡಕ್ಕೆ ತಿರುಗಿದಳು. ಕಾಫಿ ಕೊಟ್ಟಳು, ಗೋಪಿಯ ಆರೋಗ್ಯ ಕೇಳಿದಳು, ಮಾವಿಗೆ ಈ ಸಲ ಹೂ ಜಾಸ್ತಿ ಎಂದಳು. ಮೂಗುತಿಯ ಮಾತು ಬಿಟ್ಟು ಎಲ್ಲ ಮಾತೂ ಆಯಿತು. ಚಿಕ್ಕಗಂಗಮ್ಮ ಹೂಂ ಎನ್ನುತ್ತಿದ್ದಳು, ಅವಳ ಕಣ್ಣು ಹಿತ್ತಲ ಬಾಗಿಲಲ್ಲಿತ್ತು. ಅಲ್ಲಿ ಚಪ್ಪರದ ತುಂಬ ಬಸಳೆ ಹಬ್ಬಿತ್ತು.

ಅಕ್ಕನಿಗೆ ಕಾಣದೇ ಇರುತ್ತದೆಯೇ? ಎದ್ದು ಹೋಗಿ ಒಂದು ಹೊರೆ ದಂಟು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ ತಂದು ತಂಗಿಯ ಮುಂದೆ ಹಿಡಿದಳು. ಚಿಕ್ಕಗಂಗಮ್ಮ ಕೈ ಚಾಚಲಿಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡು ತಲೆಯಲ್ಲಾಡಿಸಿದಳು. ತೆಗೆದುಕೊಳ್ಳೇ ಎಂದು ಕೂಗಬೇಕೆನ್ನಿಸಿತು ನನಗೆ, ತುಟಿ ಕಚ್ಚಿಕೊಂಡೆ.

ದೊಡ್ಡಗಂಗಮ್ಮ ಆ ಕಟ್ಟನ್ನು ಮೊರದ ಪಕ್ಕ ಇಟ್ಟಳು. ಮತ್ತೆ ಹಿತ್ತಲಿಗೆ ಹೋದಳು. ಚಪ್ಪರಕ್ಕೆ ಬೆನ್ನು ಮಾಡಿ, ಗೋಡೆಯ ಕಡೆ ಮುಖ ಮಾಡಿ ಕುಕ್ಕುರುಗಾಲಲ್ಲಿ ಕೂತಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

"ಗಂಗೀ, ನಾನು ಇಲ್ಲಿ ಗೋಡೆ ನೋಡ್ಕೊಂಡು ಕೂತಿದೀನಿ" ಎಂದಳು. "ನಂಗೇನೂ ಕಾಣಲ್ಲ. ಅವತ್ತು ತಿಥಿ ದಿನಾನೂ ನಂಗೇನೂ ಕಾಣಲಿಲ್ಲ ಕಣೇ."

ಬಿಸಿಲು ಚಪ್ಪರದಿಂದ ಸೋರಿ ಆ ಬೆನ್ನಿನ ಮೇಲೆ ಚುಕ್ಕಿ ಚುಕ್ಕಿಯಾಗಿ ಬಿದ್ದಿತ್ತು. ಚಿಕ್ಕಗಂಗಮ್ಮ ನಿದ್ದೆಯಲ್ಲಿ ನಡೆಯುವವಳ ಹಾಗೆ ಹಿತ್ತಲಿಗಿಳಿದಳು, ಚಪ್ಪರದ ಕೆಳಗೆ ಹೋದಳು, ಕೈ ಮೇಲೆತ್ತಿದಳು. ನಾನೂ ತಟ್ಟನೆ ಬೀದಿಯ ಕಡೆ ತಿರುಗಿಕೊಂಡೆ. ಹಿಂದೆ ಪಟಕ್ಕನೆ ದಂಟು ಮುರಿದ ಸದ್ದಾಯಿತು.

"ಹಿಡೀಲಿಲ್ಲ ಅಂದ್ರೆ ಇನ್ನೊಂದ್ಸಲ ಬಂದು ಕದಿ" ಎಂಬ ಅಕ್ಕನ ಧ್ವನಿ ಕೇಳಿತು. ಸ್ವಲ್ಪ ತಡೆದು ಅವಳೇ ಅಂದಳು, "ಹಿಡಿದ್ರೂ ಬಾ."