ಎಡ ನಳಿಗೆಯ ತೋಟಾ

ಅಶರೀರವಾಣಿ ಕೇಳಿತು ಎಂದು ಯಾರಾದರೂ ಹೇಳಿದರೆ ಮೊದಲು ನಗುತ್ತಿದ್ದವನು ನಾನೇ. ಈಗ ನಂಬುತ್ತೇನೆಂದೂ ಹೇಳಲಾರೆ. ನಡೆದದ್ದನ್ನು ನಡೆದಂತೆ ಬರೆಯುತ್ತೇನೆ, ನೀವೇ ಯೋಚಿಸಿ.

ಎಂಬತ್ತರ ದಶಕದ ಕೊನೆ. ಸಯನ್‌ನ ನೆಲಮಹಡಿಯ ಫ್ಲಾಟಿನಲ್ಲಿ ನಾನು, ಹೆಂಡತಿ ಶಾರದೆ, ಎಂಟು ವರ್ಷದ ಮಗಳು ವೀಣಾ ಇದ್ದೆವು. ಪಕ್ಕದ ಬಿಲ್ಡಿಂಗಿಗೆ ಹಾಡುಹಗಲೇ ನುಗ್ಗಿದ ಕಳ್ಳರು ಮುದುಕಿಯೊಬ್ಬಳ ಕೈ ಮುರಿದು ಬಳೆ ಕಿತ್ತುಕೊಂಡು ಹೋದರು. ಆಕೆಯ ಕೂಗು ನಮ್ಮ ಅಡುಗೆಮನೆಗೆ ಕೇಳಿತ್ತು. ಭಯದಿಂದ ಬಾಗಿಲು ತೆರೆಯದೆ ಕೂತ ಶಾರದೆ ಆಮೇಲೆ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ನಾನು ಬಂದೂಕಿನ ಲೈಸೆನ್ಸಿಗೆ ಅರ್ಜಿ ಹಾಕಿದೆ.

ಲೈಸೆನ್ಸ್ ಬಂದ ಮೇಲೆ ಫೋರ್ಟ್ ಪ್ರದೇಶದ ಒಂದು ಬಂದೂಕಿನ ಅಂಗಡಿಗೆ ಹೋದೆ. ನನ್ನ ಕಣ್ಣು ಪಿಸ್ತೂಲಿನ ಮೇಲಿತ್ತು. ಮುದುಕ ಅಂಗಡಿಯವರು ಜೋಡಿ ನಳಿಗೆಯ ಹಳೆಯ ಬಂದೂಕೊಂದನ್ನು ನಳಿಗೆಯ ಬುಡದಲ್ಲಿ ಮಡಚಿ ತೋರಿಸಿದರು. "ಯೇ ಲೋ ಸಾಬ್. ಭರಾ ಹೈ ಕಿ ಖಾಲಿ, ಆಂಖ್ ಸೆ ದಿಖ್ತಾ ಹೈ." ತುಂಬಿದೆಯೋ ಖಾಲಿಯೋ ಕಣ್ಣಿಗೇ ಕಾಣುತ್ತದೆ ಎಂಬ ಮಾತು ಹಿಡಿಸಿತು. ಅದನ್ನೇ ಕೊಂಡೆ. ಜೊತೆಗೆ ತಂದ ಹನ್ನೆರಡು ಕೆಂಪು ತೋಟಾಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ.

ಹದಿನೈದು ದಿನ ಕಳೆದಿರಬಹುದು. ಭಾನುವಾರ ಮಧ್ಯಾಹ್ನ ತಾಯಿ ಮಗಳು ಮಾಟುಂಗಾ ಮಾರ್ಕೆಟ್ಟಿಗೆ ಹೋಗಿದ್ದರು. ಅಭ್ಯಾಸ ಮಾಡಿಕೊಳ್ಳೋಣವೆಂದು ಬಂದೂಕು ಮಡಚಿ ನೋಡಿದೆ. ಎರಡು ನಳಿಗೆಯಲ್ಲೂ ಆಚೆಯ ಬೆಳಕು ಕಾಣುತ್ತಿತ್ತು. ಮುಚ್ಚಿದೆ. ಕಳ್ಳರು ಬಂದರೆ ಮುಂಬಾಗಿಲಿಂದಲೇ ಬರಬೇಕೆಂದು ಅತ್ತಲೇ ಗುರಿಯಿಟ್ಟು, ಬೆರಳನ್ನು ಟ್ರಿಗರ್ ಮೇಲಿಟ್ಟೆ.

"ಎಡದ್ದು ಒಮ್ಮೆ ನೋಡಿ, ಮಾರಾಯ್ರೆ."

ಗಂಡಸಿನ ದನಿ, ಬೆನ್ನ ಹಿಂದೆಯೇ. ಅವಸರವಿಲ್ಲದ ಮಂಗಳೂರು ಕಡೆಯ ಮಾತು. ನಾವು ಮೈಸೂರಿನವರು, ಇಡೀ ಬಿಲ್ಡಿಂಗಿನಲ್ಲಿ ಹಾಗೆ ಮಾತಾಡುವವರಿರಲಿಲ್ಲ. ತಿರುಗಿದರೆ ಬರೀ ಗೋಡೆ.

ಬಂದೂಕು ಮಡಚಿದೆ. ಬಲಗಡೆ ಖಾಲಿ. ಎಡಗಡೆ ತೋಟಾ ಇತ್ತು! ಕೆಂಪಲ್ಲ, ಬಣ್ಣ ಮಾಸಿದ ಹಸಿರು. ಅದನ್ನು ಹೊರಗೆಳೆಯುವಷ್ಟರಲ್ಲಿ ಮುಂಬಾಗಿಲು ತೆರೆದು ವೀಣಾ ಓಡಿಬಂದಳು. "ಪಪ್ಪಾ, ಮಾರ್ಕೆಟ್‌ನಲ್ಲಿ ಕಿತ್ನಾ ಗರ್ದಿ ಇತ್ತು ಗೊತ್ತಾ, ಕಾಲಿಡೋಕೂ ಜಾಗ ಇರ್ಲಿಲ್ಲ!"

"ಯಾಕ್ರೀ, ಹೀಗೆ ಬೆವೆತಿದೀರಿ?" ಎಂದಳು ಹಿಂದೆಯೇ ಬಂದ ಶಾರದೆ. ಬೀರು ತೆರೆದು ನೋಡಿದರೆ ಹನ್ನೆರಡು ಕೆಂಪು ತೋಟಾಗಳೂ ಇಟ್ಟಲ್ಲೇ ಇದ್ದವು.

ಮರುದಿನ ಬಂದೂಕನ್ನೂ ತೋಟಾವನ್ನೂ ಅಂಗಡಿಗೆ ಒಯ್ದೆ. ಅಂಗಡಿಯವರು ಆ ಹಸಿರು ತೋಟಾವನ್ನು ಅಂಗೈಯಲ್ಲಿ ಹೊರಳಿಸಿ, "ಯೇ ಮಾಲ್ ತೋ ಬೀಸ್ ಸಾಲ್ ಸೆ ಬಂದ್ ಹೈ. ಕಹಾಂ ಮಿಲಾ?" ಎಂದರು. ಇಪ್ಪತ್ತು ವರ್ಷದಿಂದ ಬಾರದ ಸರಕು, ಎಲ್ಲಿ ಸಿಕ್ಕಿತು ಎಂಬುದು ಅವರ ಪ್ರಶ್ನೆ. ಬಂದೂಕಿನ ಮೊದಲ ಮಾಲೀಕರು ಯಾರೆಂದು ಕೇಳಿದೆ. ಪಾರ್ಲೆಯ ಪಾರ್ಸಿಯೊಬ್ಬರಂತೆ. ಅವರಿಗೆಲ್ಲಿಯ ಕನ್ನಡ? ಬಂದೂಕನ್ನು ಅಲ್ಲೇ ಬಿಟ್ಟು ಬಂದೆ. ಮನೆಗೆ ಕಬ್ಬಿಣದ ಗ್ರಿಲ್ ಹಾಕಿಸಿದೆ.

ಕಣ್ಣು ಮೋಸ ಮಾಡಿತು ಎನ್ನೋಣವೇ? ಹಾಗಾದರೆ ದನಿ? ಅದು ನನ್ನ ಮನಸ್ಸಿನದೇ ಎಂದರೆ, ನನ್ನ ಮನಸ್ಸು ಮಂಗಳೂರು ಕನ್ನಡ ಕಲಿತದ್ದು ಯಾವಾಗ?

ವೀಣಾಗೆ ಈಗ ಮಕ್ಕಳಿದ್ದಾರೆ. ಅವಳಿಗೆ ಇದೊಂದೂ ಗೊತ್ತಿಲ್ಲ. ಆ ದನಿಗೆ ಒಮ್ಮೆ ಕೈಮುಗಿಯಬೇಕೆಂದು ಎಷ್ಟೋ ಸಲ ಅನ್ನಿಸಿದೆ. ಯಾವ ಕಡೆ ತಿರುಗಿ ಮುಗಿಯಬೇಕೋ ತಿಳಿದಿಲ್ಲ.